ಬಟ್ಟೆ ಬಾರದ ಅಳತೆ

ಕಾಟಪ್ಪನ ಎಡ ಹೆಗಲು ಬಲ ಹೆಗಲಿಗಿಂತ ಎರಡು ಬೆರಳು ಕೆಳಗಿತ್ತು. ಮದುವೆ ಅಂಗಿಗೆಂದು ನಾನು ಟೇಪು ಹಿಡಿದಾಗ ಗೊತ್ತಾಯಿತು. ಹೆಗಲ ಚರ್ಮ ನೊಗ ಹೊತ್ತ ಎತ್ತಿನ ಹೆಗಲಿನ ಹಾಗೆ ಗಟ್ಟಿಯಾಗಿತ್ತು. ಐದು ವರ್ಷ ನೇಗಿಲು, ಬಾವಿಯ ಬಾನಿ, ಗೊಬ್ಬರದ ಮಂಕರಿ ಎಲ್ಲವನ್ನೂ ಹೊತ್ತದ್ದು ಅದೇ ಹೆಗಲು. ಎತ್ತು ಹೂಡಿ ನೀರೆತ್ತುವ ಕಪಿಲೆಯ ಹಗ್ಗ ಉಜ್ಜಿ ಉಜ್ಜಿ ಅಂಗೈಯ ಗೆರೆಗಳೇ ಅಳಿಸಿಹೋಗಿದ್ದವು. ಮೈಮೇಲೆ ಒಂದು ಮಂಡಿಯುದ್ದದ ಪಂಚೆ, ಒಂದು ಹರಕು ವಲ್ಲಿ.

"ಮುದ್ದಪ್ಪಣ್ಣ, ವಸಿ ಸಡಿಲ ಇರ್ಲಿ ಕಣಣ್ಣ," ಅಂದ. "ಮದ್ವೆ ಆದ್ಮೇಲೆ ಮೈ ಬತ್ತೈತಂತೆ."

ಹೇಳಿ ತಾನೇ ನಕ್ಕ. ನನಗೆ ನಗು ಬರಲಿಲ್ಲ. ಅದೇ ಅಂಗಳದಲ್ಲಿ ನಾನು ಅಳತೆ ತೆಗೆದ ಮೂರನೆಯ ಮದುಮಗ ಅವನು.

ನಾನು ರಾಯದುರ್ಗದ ದರ್ಜಿ. ನಮ್ಮೂರಲ್ಲಿ ಮನೆಗೊಬ್ಬ ದರ್ಜಿ, ಹೊಟ್ಟೆಗೆ ಸಾಲದು. ಅದಕ್ಕೇ ಮಿಷನ್ನು ಹೊತ್ತು ಮಡಕಶಿರಾ ಸೀಮೆಗೆ ಬಂದವನು, ರೊಳ್ಳದ ಸುತ್ತಿನ ಹಳ್ಳಿಗಳಲ್ಲೇ ಹನ್ನೆರಡು ವರ್ಷ ಕಳೆದೆ. ಕಾಟಪ್ಪನಿದ್ದ ಹಳ್ಳಿಗೆ ಹೋದಾಗಲೆಲ್ಲ ಲಕ್ಷ್ಮೀನರಸಪ್ಪನವರ ಪಡಸಾಲೆಯಲ್ಲೇ ಮಿಷನ್ನು ಇಡುತ್ತಿದ್ದೆ. ಅವರು ಊರಿನ ಮುನಸೀಬರು. ಜಗಳ ತೀರಿಸುವವರು ಅವರೇ, ಯಾರಾದರೂ ಸತ್ತರೆ ಹೇಗೆ ಸತ್ತರೆಂದು ಸರ್ಕಾರಕ್ಕೆ ಬರೆಯುವವರೂ ಅವರೇ. ಹನುಮಂತರಾಯನ ಗುಡಿಯ ಯಜಮಾನಿಕೆಯೂ ಅವರದೇ. ಭೂಮಿಯ ಮೇಲಿನ ನ್ಯಾಯ, ಆಕಾಶದ ನ್ಯಾಯ ಎರಡೂ ಒಂದೇ ಮನೆಯಲ್ಲಿ ಇದ್ದರೆ ಬಡವ ಎಲ್ಲಿಗೆ ಹೋಗಿ ದೂರು ಹೇಳಬೇಕು?

ಅವರಿಗೆ ಗಂಡು ಮಕ್ಕಳಿಲ್ಲ. ಇಬ್ಬರೇ ಹೆಣ್ಣುಮಕ್ಕಳು. ಗಂಡಿಲ್ಲದ ಮನೆಗೆ ಒಬ್ಬ ಬಡವರ ಹುಡುಗನನ್ನು ಮೊದಲೇ ತಂದು ಇಟ್ಟುಕೊಳ್ಳುವುದು ಆ ಸೀಮೆಯ ಪದ್ಧತಿ. ಮನೆವಾಳ್ತನ ಅನ್ನುತ್ತಾರೆ, ತೆಲುಗಿನವರು ಇಲ್ಲರಿಕಂ ಅನ್ನುತ್ತಾರೆ. ಹುಡುಗ ಮನೆಮಗನಂತೆ ದುಡಿಯಬೇಕು. ಕೆಲವು ವರ್ಷ ಕಳೆದ ಮೇಲೆ ಮದುವೆ, ಮದುವೆಯಾದ ಮೇಲೆ ಭೂಮಿಯಲ್ಲಿ ಪಾಲು. ಪದ್ಧತಿಯೇನೋ ಒಳ್ಳೆಯದೇ. ಎಷ್ಟೋ ಮನೆಗಳು ಅದರಿಂದ ಬಾಳಿವೆ. ಆದರೆ ಮನೆಮಗನಿಗೆ ಕೂಲಿ ಇಲ್ಲ. ಕೂಲಿ ಎಂಬ ಮಾತು ಎತ್ತಿದರೆ ಸಂಬಂಧವನ್ನೇ ಅವಮಾನ ಮಾಡಿದ ಹಾಗೆ. ಇದನ್ನು ಲಕ್ಷ್ಮೀನರಸಪ್ಪ ಚೆನ್ನಾಗಿ ತಿಳಿದಿದ್ದರು.

ದೊಡ್ಡ ಮಗಳು ಚಿತ್ತಮ್ಮ ಐದು ವರ್ಷದವಳಿದ್ದಾಗ ಮೊದಲನೆಯವನು ಬಂದ. ಅವನು ಬೋರಯ್ಯ. ನಾಲ್ಕು ವರ್ಷ ದುಡಿದ. ಮದುವೆಗೆ ಮುಂಚೆ ಗುಡಿಯಲ್ಲಿ ಹೂ ಕೇಳಿದರು. ದೇವರ ಎರಡು ಭುಜಕ್ಕೂ ಹೂ ಇಟ್ಟು ಕಾಯುವುದು, ಬಲದ ಹೂ ಬಿದ್ದರೆ ಅಪ್ಪಣೆ, ಎಡದ್ದು ಬಿದ್ದರೆ ಇಲ್ಲ. ಎಡದ್ದು ಬಿತ್ತು. ಬೋರಯ್ಯ ಬರಿಗೈಲಿ ಊರಿಗೆ ಹೋದ. ದೇವರು ಒಲ್ಲದವನಿಗೆ ಹೆಣ್ಣು ಕೊಡುವವರಾರು? ಇಂದಿಗೂ ಅವನಿಗೆ ಮದುವೆಯಿಲ್ಲ.

ಎರಡನೆಯವನು ವೆಂಕಟಪ್ಪ, ಮೂರು ವರ್ಷ. ಅವನಿಗೂ ಎಡದ ಹೂವೇ ಬಿತ್ತು. ಮಾರನೆಯ ದಿನ ಕಪಿಲೆ ಬಾವಿಯಲ್ಲಿ ಅವನ ಹೆಣ ತೇಲಿತು. ಕಾಲು ಜಾರಿ ಬಿದ್ದ ಎಂದು ಮುನಸೀಬರು ಬರೆದರು. ಮೂರು ವರ್ಷ ದಿನಾ ನಡೆದಾಡಿದ ಬಾವಿಯ ದಂಡೆಯಲ್ಲಿ ಕಾಲು ಜಾರುತ್ತದೆಯೇ? ನಾನು ಆಗಲೂ ಪಡಸಾಲೆಯಲ್ಲಿ ಕೂತು ಹೊಲಿಯುತ್ತಿದ್ದೆ. ಬಾಯಿಗೆ ದಾರ ಹಾಕಿಕೊಂಡಿದ್ದೆ. ನನ್ನ ಹೇಡಿತನಕ್ಕೆ ಇದಕ್ಕಿಂತ ಒಳ್ಳೆಯ ಹೆಸರು ಸಿಗುವುದಿಲ್ಲ.

ಆ ಇಬ್ಬರಿಗೂ ನಾನು ಮದುವೆ ಅಂಗಿಯ ಅಳತೆ ತೆಗೆದಿದ್ದೆ. ಬಟ್ಟೆ ಮಾತ್ರ ಬರಲಿಲ್ಲ.

ಕಾಟಪ್ಪ ಬಂದಾಗ ಚಿತ್ತಮ್ಮನಿಗೆ ಹನ್ನೆರಡು. ಶಾರದಾ ಕಾಯಿದೆ ಆಗಷ್ಟೇ ಬಂದಿತ್ತು. "ಹುಡ್ಗೀಗೆ ಹದಿನಾಲ್ಕು ತುಂಬೋಗಂಟ ತಾಳಿ ಕಟ್ಟಂಗಿಲ್ಲ. ಮುನಸೀಬನೇ ಕಾಯ್ದೆ ಮುರಿಯಾಕಾಯ್ತದಾ?" ಎಂದರು ಲಕ್ಷ್ಮೀನರಸಪ್ಪ. ಹದಿನಾಲ್ಕು ತುಂಬಿತು. ಆ ವರ್ಷ ಗುರುಬಲ ಇಲ್ಲ ಎಂದರು. ಮರುವರ್ಷ ದಾಯಾದಿಗಳ ಸೂತಕ. ಈಗ ಅವಳಿಗೆ ಹದಿನೇಳು. ಕಾಟಪ್ಪ ನೆಂಟರ ಮುಂದೆ ಅವರನ್ನು ಮಾವ ಎನ್ನಬೇಕು, ಬಾವಿಯ ಹತ್ತಿರ ಯಜಮಾನ್ರೇ ಎನ್ನಬೇಕು. ಅವನು ಒಮ್ಮೆಯೂ ತಪ್ಪಲಿಲ್ಲ.

ಅಳತೆ ಬರೆದುಕೊಂಡು ಪಡಸಾಲೆಗೆ ಬಂದೆ. ಲಕ್ಷ್ಮೀನರಸಪ್ಪ ಎಲೆ ಅಡಿಕೆ ಹಾಕುತ್ತಿದ್ದರು.

"ಬಟ್ಟಿ ಯಾವಾಗ ಕೊಡ್ತೀರ್ರಿ?" ಎಂದೆ.

"ಅವನ್ದು ಆಮೇಲೆ ನೋಡನ. ಮೊದ್ಲು ಇದು ಹೊಲಿ." ಒಂದು ಗಂಟು ಮುಂದಿಟ್ಟರು. ಒಳಗೆ ಕೆನೆ ಬಣ್ಣದ ರೇಷ್ಮೆ, ಅಳತೆಗೆಂದು ಒಂದು ಹಳೆಯ ಕೋಟು. "ಈ ಕೋಟಿನ್ ಪ್ರಕಾರನೇ ಇರ್ಬೇಕು. ಸೋಮವಾರದೊಳ್ಗೆ ಆಗ್ಬೇಕು. ಯಾರ್ ಕೇಳಿದ್ರೂ ನೆಂಟರದ್ದು ಅನ್ನು."

ಕೋಟು ಬಿಡಿಸಿದೆ. ಎದೆ ನಲವತ್ತೆರಡು ಇಂಚು. ಕಾಟಪ್ಪನದು ಮೂವತ್ತೊಂದು. ಹೆಗಲು ಎರಡೂ ಸಮನಾಗಿದ್ದವು. ಈ ಕೋಟಿನವನು ಜನ್ಮದಲ್ಲಿ ಒಂದು ಮಂಕರಿ ಹೊತ್ತಿಲ್ಲ. ಕಾಲರಿನ ಒಳಗೆ ಹಿಂದೂಪುರದ ದರ್ಜಿಯೊಬ್ಬನ ಚೀಟಿ ಇತ್ತು. ಹೂ ಕೇಳುವುದು ಸೋಮವಾರ. ಇನ್ನೂ ದೇವರೇ ಬಾಯಿ ಬಿಟ್ಟಿಲ್ಲ, ಆಗಲೇ ಮದುಮಗನ ಕೋಟು ಬಂದಿದೆ!

ಲಕ್ಷ್ಮೀನರಸಪ್ಪ ಎದ್ದು ಹೊರಗೆ ಹೋದ ಮೇಲೆ ಚಿತ್ತಮ್ಮ ಅಳತೆಗೆ ಹಳೆಯ ರವಿಕೆ ತಂದಳು. ಕೋಟನ್ನು ನೋಡಿ ನಿಂತಳು.

"ಅದ್ಯಾರ್ದು ಮುದ್ದಪ್ಪಣ್ಣ?"

"ನಿಮ್ಮ ನೆಂಟರದ್ದಂತವ್ವ."

"ಹಿಂದೂಪುರದ ಮಂಡಿ ಸಾವ್ಕಾರ್ರ ಮಗಂದು. ಹೋದ್ ತಿಂಗ್ಳು ಬಂದು ನನ್ನ ನೋಡ್ಕಂಡು ಹೋದ್ರು. ತಾಂಬೂಲಾನೂ ಆತು. ಯಾರ್ಗೂ ಹೇಳ್ಬ್ಯಾಡ ಅಂದೈತೆ ಅಪ್ಪ."

"ಕಾಟಪ್ಪಗ ಗೊತ್ತೈತೇನವ್ವ?"

"ನಾನೆಂಗೆ ಹೇಳ್ಲಿ? ಅವನ ಮಕ ನೋಡ್ಬಾರ್ದು ಅಂತ ಐದು ವರ್ಷದಿಂದ ಹೇಳವ್ರೆ. ಅವನ ಮ್ಯಾಲೆ ನಂಗೆ ಆಸೇನೂ ಇಲ್ಲ, ಸಿಟ್ಟೂ ಇಲ್ಲ. ಈ ಕೋಟಿನವನ ಮ್ಯಾಲೂ ಅಷ್ಟೇಯ. ನನ್ನ ಯಾರು ಕೇಳವ್ರೆ?" ರವಿಕೆಯನ್ನು ನನ್ನ ಮುಂದೆ ಎಸೆದು ಒಳಗೆ ಹೋದಳು.

ನಾನು ಬಾವಿಯ ಹತ್ತಿರ ಹೋದೆ. ಎತ್ತುಗಳು ಇಳಿಜಾರಿನಲ್ಲಿ ನಿಂತಿದ್ದವು. ಕಾಟಪ್ಪ ಹಿಪ್ಪುನೇರಳೆ ತೋಟಕ್ಕೆ ನೀರು ತಿರುವುತ್ತಿದ್ದ. ಇದ್ದದ್ದನ್ನು ಇದ್ದಂತೆ ಹೇಳಿದೆ. ಅವನು ಕೇಳಿಸಿಕೊಂಡ, ಸನಿಕೆ ಕೆಳಗಿಡಲಿಲ್ಲ.

"ಆಳಾದ್ರೆ ಹಿಂಗೆಲ್ಲ ಅನುಮಾನ ಪಡ್ಬೋದು ಕಣಣ್ಣ. ನಾನು ಮನೆಮಗ. ಎಲ್ಲಾ ಹನುಮಂತರಾಯ ಹೇಳ್ತಾನೆ. ಹೂವು ಸುಳ್ಳಾಡ್ತದಾ?"

"ಎಡಕ್ಕ ಬಿದ್ರ?"

ಅವನು ಬಾವಿಯ ಕಡೆ ನೋಡಿದ. "ಬಿದ್ರೆ ನಂಗೆ ಬ್ಯಾರೆ ಊರೈತಾ? ಯಾವ ಮಕ ಇಟ್ಕಂಡು ಹೋಗ್ಲಿ?"

ಅವನು ನೋಡಿದ ರೀತಿ ನನಗೆ ಸರಿಕಾಣಲಿಲ್ಲ. ವೆಂಕಟಪ್ಪನನ್ನು ಬಾವಿಯಿಂದ ಮೇಲೆತ್ತಿದಾಗ ನಾನೂ ಅಲ್ಲಿದ್ದೆ. ಮಿಷನ್ನು ಪಡಸಾಲೆಯಲ್ಲೇ ಬಿಟ್ಟು, ರೇಷ್ಮೆ ಕೋಟು ಇದ್ದ ಗಂಟು ಕಂಕುಳಲ್ಲಿ ಹಿಡಿದು, ಮಧ್ಯಾಹ್ನದ ಬಿಸಿಲಲ್ಲೇ ಮೂರು ಹರದಾರಿ ನಡೆದು ಕಾಟಪ್ಪನ ತಾಯಿ ಕದರಮ್ಮನ ಊರಿಗೆ ಹೋದೆ.

ಕದರಮ್ಮ ಕಂಡವರ ಹೊಲದಲ್ಲಿ ಕಡಲೆಕಾಯಿ ಕಿತ್ತು ಬದುಕುವ ವಿಧವೆ. ಕೈಯೆಲ್ಲ ಮಣ್ಣು. ನನ್ನ ಮಾತೆಲ್ಲ ಕೇಳಿದಳು. ಕೋಟನ್ನು ಮುಟ್ಟಿ ನೋಡಿದಳು.

"ಇದ್ದೊಬ್ಬ ಮಗ. ಮನೆ ಬಾಗ್ಲಿಗೆ ಬಂದು, 'ನಿನ್ ಮಗ ಇನ್ಮ್ಯಾಲೆ ನನ್ ಮಗ ಕಣಮ್ಮ' ಅಂದು ಕರ್ಕಂಡು ಹೋದ್ರು. ಐದು ಸುಗ್ಗಿ ನಾನೊಬ್ಳೇ ಒಲೆ ಹಚ್ಚೀನಿ. ಅವನು ಹಬ್ಬಕ್ಕೂ ಬರಲಿಲ್ಲ. ಬಂದ್ರೆ ಆ ಮನೆ ಕೆಲ್ಸ ನಿಲ್ತದೆ ಅಂತ ನಾನೂ ಕರೀಲಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡಳು. "ಬಾವೀಲಿ ಸತ್ತ ಆ ವೆಂಕಟಪ್ಪನ ತಾಯಿ ಉಜ್ಜಿನಮ್ಮ ಬದುಕವ್ಳಾ?"

"ಅದಾಳ್ರಿ. ಪಕ್ಕದ ಊರಾಗ."

"ಅವಳ ಮನೆ ತೋರ್ಸು. ಬೋರಯ್ಯಂಗೂ ಹೇಳ್ಕಳ್ಸು."

ಸೋಮವಾರ ಬೆಳಿಗ್ಗೆ ಗುಡಿ ತುಂಬ ಜನ. ಕಾಟಪ್ಪ ತಲೆಗೆ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲೇ ದೇವರ ಮುಂದೆ ಕೈಕಟ್ಟಿ ನಿಂತಿದ್ದ. ಕದರಮ್ಮ, ಉಜ್ಜಿನಮ್ಮ, ಬೋರಯ್ಯ ಕಂಬದ ಹಿಂದೆ ಕೂತಿದ್ದರು. ನಾನು ಗಂಟು ಹಿಡಿದು ಬಾಗಿಲಲ್ಲಿ ನಿಂತೆ. ಹೆಂಗಸರ ಕಡೆ ಚಿತ್ತಮ್ಮ ಎಂಟು ವರ್ಷದ ತಂಗಿಯ ಕೈ ಹಿಡಿದು ನಿಂತಿದ್ದಳು.

ಪೂಜಾರಿ ಕಣಗಿಲೆ ಹೂವನ್ನು ತೀರ್ಥದಲ್ಲಿ ಅದ್ದಿ ದೇವರ ಭುಜಕ್ಕೆ ಒತ್ತಿದ. ಬಲಕ್ಕೆ ಸ್ವಲ್ಪ ಹೆಚ್ಚೇ ಒತ್ತಿದ ಹಾಗೆ ಕಂಡಿತು. ನನ್ನ ಕಣ್ಣಿಗೆ ನೂಲೆಳೆ ಕಾಣುತ್ತದೆ, ಅದು ಕಾಣದೆ ಇರುತ್ತದೆಯೇ? ಗಂಟೆ ಹೊಡೆದರು. ಎಡದ ಹೂ ಬಿತ್ತು.

ಜನ ಲೊಚಗುಟ್ಟಿದರು. ಲಕ್ಷ್ಮೀನರಸಪ್ಪ ಎದ್ದು ಬಂದು ಕಾಟಪ್ಪನ ಬೆನ್ನ ಮೇಲೆ ಕೈಯಿಟ್ಟರು. ಸ್ವಂತ ಮಗನನ್ನು ಸಂತೈಸುವ ಹಾಗೆ ಮೆಲ್ಲಗೆ ಹೇಳಿದರು:

"ದೇವ್ರ ಚಿತ್ತ ಕಣಪ್ಪ. ನಾನೇನ್ ಮಾಡಾಕಾಯ್ತದೆ? ಬ್ಯಾಸ್ರ ಮಾಡ್ಕಬ್ಯಾಡ. ನಿನ್ನ ಬೀದಿಗೆ ಬಿಡಾಕಿಲ್ಲ. ಚಿಕ್ಕೋಳು ಅವ್ಳಲ್ಲ. ಎಂಟು ನಡೀತೈತೆ. ಇನ್ನಾರು ವರ್ಷ ಇರು. ಅವಳ್ನೇ ಕೊಟ್ಟು ಮಾಡ್ತೀನಿ."

ಚಿಕ್ಕ ಹುಡುಗಿ ಅಕ್ಕನ ಸೀರೆಯೊಳಗೆ ಮುಖ ಹುದುಗಿಸಿತು.

ಕಾಟಪ್ಪ ಆಗಲಿ ಎಂದು ತಲೆಯಾಡಿಸಿದ. ನಾನು ಕಣ್ಣಾರೆ ನೋಡಿದೆ. ಇನ್ನಾರು ವರ್ಷ ಎಂದರೂ ತಲೆಯಾಡಿಸಿದ. ಅವನಿಗೆ ಬೇರೆ ದಾರಿ ಕಾಣಲಿಲ್ಲ. ಬಾವಿ ಇಲ್ಲವೇ ಇದು.

"ತಲೆ ಆಡಿಸ್ಬ್ಯಾಡ ಕಣ್ಲಾ!"

ಕದರಮ್ಮ ಕಂಬದ ಹಿಂದಿನಿಂದ ಎದ್ದು ಬಂದಳು. ಕಾಟಪ್ಪ ಐದು ವರ್ಷದ ಮೇಲೆ ತಾಯಿಯನ್ನು ನೋಡಿ ಗುರುತು ಸಿಗದವನಂತೆ ನಿಂತ.

"ಯಜಮಾನ್ರೆ, ಇನ್ನೊಂದ್ ದಪ ಹೂ ಇಡ್ಸಿ. ನಾನೂ ಒಂದು ಕೇಳ್ಬೇಕು."

"ದಿನಕ್ಕೆ ಒಂದೇ ಅಪ್ಪಣೆ ಕಣಮ್ಮ. ದೇವ್ರೇನು ನಿಮ್ಮನೆ ಆಳಾ?"

ಆಗ ಚಿತ್ತಮ್ಮ ಅಂದಳು, "ಅಪ್ಪ, ಹಿಂದೂಪುರದೋರಿಗೆ ಯಾವತ್ತು ಹೂ ಕೇಳ್ದೆ?"

ಜನ ಅವಳ ಕಡೆ ತಿರುಗಿದರು.

"ಹೋದ್ ತಿಂಗ್ಳು ತಾಂಬೂಲ ಬದಲಾಯಿಸ್ದೆ. ಅವತ್ತು ಗುಡಿ ಬಾಗ್ಲು ತೆಗೀಲೇ ಇಲ್ಲ."

ನಾನು ಗಂಟು ಬಿಚ್ಚಿ ಅಳತೆಯ ಕೋಟನ್ನೂ ಇನ್ನೂ ಹೊಲಿಯದ ರೇಷ್ಮೆಯನ್ನೂ ಎತ್ತಿ ಹಿಡಿದೆ. "ನೋಡ್ರಿ ಎಲ್ಲಾರೂ. ಮದುಮಗನ ಅಳತಿ ಕೋಟು ಇದು. ಹೂ ಬೀಳೋಕಿನ್ನ ಮುಂಚೇನ ಬಂದೈತಿ. ಈ ಮನಿಗೆ ದುಡಿಯಾಕ ಬಂದ ಮೂವರಿಗೂ ನಾನು ಬರೇ ಅಳತಿ ತಗದೀನಿ. ಒಬ್ಬರಿಗೂ ಬಟ್ಟಿ ಬರಲಿಲ್ಲ. ಹನ್ನೆರಡು ವರ್ಷ ಬಾಯಿ ಮುಚ್ಕೊಂಡಿದ್ದೆ, ನನ್ನ ತಪ್ಪು ನಂದೈತಿ."

ಜನರಲ್ಲಿ ಗುಸುಗುಸು ಎದ್ದಿತು. ಉಳ್ಳವರ ಮದುವೆಗೆ ದೇವರ ಅಪ್ಪಣೆಯೇ ಬೇಡವೇ? ಬಡವರ ಹುಡುಗರು ಬಂದಾಗ ಮಾತ್ರ ದೇವರು ಎಚ್ಚರವಾಗುತ್ತಾನೆಯೇ? ಮೂರು ಹೂವೂ ಎಡಕ್ಕೇ ಬಿದ್ದಿದ್ದವು. ಎಲ್ಲರಿಗೂ ನೆನಪಿತ್ತು, ಯಾರೂ ಅದನ್ನು ಒಟ್ಟಿಗೆ ಯೋಚಿಸಿರಲಿಲ್ಲ.

"ಅಳಿಯ ಆಗಿದ್ರೆ ಹೆಣ್ಣು ಕೊಡಿ, ಆಳಾಗಿದ್ರೆ ಕೂಲಿ ಕೊಡಿ," ಅಂದಳು ಕದರಮ್ಮ. "ಎರಡ್ರಲ್ಲಿ ಒಂದು ಹೇಳಿ ಯಜಮಾನ್ರೆ. ದೇವ್ರ ಮುಂದೇನೆ ಹೇಳಿ."

"ನನ್ನ ಯಾರ್ಗೂ ಕೊಡಾದು ಬ್ಯಾಡ," ಚಿತ್ತಮ್ಮ ಅಂದಳು. "ಅವ್ರ ಕೂಲಿ ಕೊಡು ಅಪ್ಪ. ನನ್ನ ತಂಗೀನ ತೋರ್ಸಿ ಇನ್ನೊಬ್ಬನ್ನ ದುಡಿಸ್ಕಬ್ಯಾಡ."

ಲಕ್ಷ್ಮೀನರಸಪ್ಪ ಎಲ್ಲರೆದುರಿಗೆ ಮಗಳ ಕೆನ್ನೆಗೆ ಹೊಡೆದರು. ಅವಳು ಬಿದ್ದಳು. ಉಜ್ಜಿನಮ್ಮ ಹೋಗಿ ಅವಳನ್ನು ಹಿಡಿದು ಎಬ್ಬಿಸಿದಳು. ತನ್ನ ಪಕ್ಕದಲ್ಲಿ ಕೂರಿಸಿಕೊಂಡಳು.

ಕಾಟಪ್ಪ ಒಮ್ಮೆ ತಾಯಿಯನ್ನು ನೋಡಿದ, ಒಮ್ಮೆ ನೆಲದ ಮೇಲೆ ಬಿದ್ದಿದ್ದ ಹೂವನ್ನು ನೋಡಿದ. ಕಟ್ಟಿದ್ದ ಕೈ ಬಿಚ್ಚಿದ.

"ಕೂಲಿ ಕೊಡಿ," ಅಂದ. "ಐದು ವರ್ಷದ್ದು."

"ನಂದು ನಾಕು," ಎಂದ ಬೋರಯ್ಯ.

"ನನ್ ಮಗಂದು ಮೂರು," ಎಂದಳು ಉಜ್ಜಿನಮ್ಮ.

ಲಕ್ಷ್ಮೀನರಸಪ್ಪನವರ ಮುಖ ಕಪ್ಪಿಟ್ಟಿತು. ಊರ ಕಾವಲಿನ ತಳಾರಿಯನ್ನು ಕರೆದರು. "ಈ ದರ್ಜಿ ರೇಷ್ಮೆ ಕದ್ದವ್ನೆ. ಇವರೆಲ್ಲ ಅವನ ಕಡೆಯೋರು. ಚಾವಡಿಗೆ ಹಾಕಿ ಬೀಗ ಜಡಿ. ಈಗ್ಲೇ ಮಡಕಶಿರಾ ಠಾಣೆಗೆ ಬರೀತೀನಿ. ಪೋಲೀಸ್ರು ಬಂದ್ಮೇಲೆ ಗೊತ್ತಾಯ್ತದೆ ಯಾರು ಆಳು, ಯಾರು ಅಳಿಯ ಅಂತ."

ಮುನಸೀಬರು ಬರೆದದ್ದಕ್ಕೆ ಎಷ್ಟು ಬಲ ಇದೆ ಎಂದು ನನಗೆ ಗೊತ್ತಿತ್ತು. ಒಂದು ಹೆಣವನ್ನೇ ಅವರು ಒಂದು ಸಾಲಿನಲ್ಲಿ ಮುಚ್ಚಿಹಾಕಿದ್ದರು. ಆದರೂ ನಾನೇ ಮೊದಲು ನಡೆದೆ. ಕಾಟಪ್ಪ ಬಂದ, ಬೋರಯ್ಯ ಬಂದ. ಇಬ್ಬರು ತಾಯಂದಿರೂ ಬಂದರು. ಚಿತ್ತಮ್ಮನನ್ನು ಮನೆಯವರು ಎಳೆದುಕೊಂಡು ಹೋದರು. ಅವಳು ಕೂಗುತ್ತಿದ್ದದ್ದು ಬಹಳ ದೂರದವರೆಗೂ ಕೇಳಿಸಿತು.

ಚಾವಡಿ ಒಂದೇ ಕೋಣೆ. ಐದು ಜನಕ್ಕೇ ಇಕ್ಕಟ್ಟು. ನಾವು ಗೋಡೆಗೆ ಒರಗಿ ಕೂತೆವು. ತಳಾರಿ ಬಾಗಿಲು ಎಳೆಯಲು ಹೋದ. ಹೊಸ್ತಿಲ ಮೇಲೆ ಯಾರೋ ಕಾಲಿಟ್ಟರು. ಮುನಸೀಬರ ಎತ್ತು ಕಾಯುವ ಮುದುಕ.

"ನಂದು ಇಪ್ಪತ್ತೆರಡು ವರ್ಷ," ಎಂದು ಹೇಳಿ ಒಳಗೆ ಬಂದು ಕೂತ.

ಅವನ ಹಿಂದೆ ಕಳೆ ಕೀಳುವ ಇಬ್ಬರು ಹೆಂಗಸರು ಬಂದರು. ಅವರ ಹಿಂದೆ ಕುರಿ ಕಾಯುವವನು. ಆಮೇಲೆ ಇನ್ನೊಂದು ಮನೆಯ ಮನೆವಾಳ್ತನದವನು, ಮದುವೆಯಾಗಿ ಹತ್ತು ವರ್ಷವಾದರೂ ಅಂಗೈಯಗಲ ಭೂಮಿ ಕಾಣದವನು. ಯಾರೂ ಅವರನ್ನು ಕರೆದಿರಲಿಲ್ಲ. ಕೂತಿದ್ದವರು ನಿಂತು ಜಾಗ ಬಿಟ್ಟರು. ಆಚೆ ಜಗುಲಿಯ ಮೇಲೆ ಲಕ್ಷ್ಮೀನರಸಪ್ಪ ಮಂಡಿಯ ಮೇಲೆ ಕಾಗದ ಇಟ್ಟುಕೊಂಡು ಠಾಣೆಗೆ ಬರೆಯುತ್ತಿದ್ದರು. ತಳಾರಿ ಬೀಗ ಹಿಡಿದು ನಿಂತೇ ಇದ್ದ. ಜನ ಒಳಗೆ ಬರುತ್ತಲೇ ಇದ್ದರು, ಬಾಗಿಲು ಹಾಕಲು ಆಗಲಿಲ್ಲ.