ಹಜ್ಜಮ್ಮ ಹೋಗಿ ಬಂದದ್ದು

ಅಮ್ಮನಿಗೆ ಕೊನೆಯ ಸ್ನಾನ ಮಾಡಿಸಿದವಳು ಟೈಲರ್ ಚಿಕ್ಕಮ್ಮ. ಸಂಬಂಧದಲ್ಲಿ ಚಿಕ್ಕಮ್ಮನಲ್ಲ, ಎದುರು ಮನೆಯವಳು, ಅಮ್ಮನ ಜೀವದ ಗೆಳತಿ. ಬೀದಿಯ ಹೆಂಗಸರ ಬಟ್ಟೆಯೆಲ್ಲ ಅವಳ ಮಿಷಿನ್ನಿನ ಮೇಲೆಯೇ ಆಗಬೇಕು. ಹೆಂಗಸರು ತೀರಿಕೊಂಡರೆ ಸ್ನಾನಕ್ಕೂ, ಹೊದಿಸುವ ಕಫನ್ ಬಟ್ಟೆ ಕತ್ತರಿಸುವುದಕ್ಕೂ ಅವಳೇ ಬರಬೇಕು.

ಹಿಂದಿನ ಕೋಣೆಯಲ್ಲಿ ಹಲಗೆಯ ಮೇಲೆ ಅಮ್ಮ ಮಲಗಿದ್ದಳು. ರಾತ್ರಿ ಎದೆ ಹಿಡಿದುಕೊಂಡು ಕೂತವಳು ಹಾಗೇ ಹೋಗಿಬಿಟ್ಟಿದ್ದಳು. ಕುತ್ತಿಗೆಯಿಂದ ಮಂಡಿಯವರೆಗೆ ದಪ್ಪ ದುಪ್ಪಟಿ ಹೊದಿಸಿತ್ತು. ಸ್ನಾನ ಮಾಡಿಸುವವರು ಆ ದುಪ್ಪಟಿ ತೆಗೆಯುವಂತಿಲ್ಲ. ಕೈಗೆ ಬಟ್ಟೆ ಸುತ್ತಿಕೊಂಡು ಅದರ ಅಡಿಯಲ್ಲೇ ಮೊದಲು ಬಲಗಡೆ, ಆಮೇಲೆ ಎಡಗಡೆ ತೊಳೆಯಬೇಕು. ಏನಾದರೂ ಕುಂದು ತಿಳಿದರೆ ಅದು ಅಲ್ಲೇ ಉಳಿಯಬೇಕು. ಸತ್ತವರ ಮೈ ಅಮಾನತ್ತು, ನಂಬಿ ಒಪ್ಪಿಸಿದ್ದು.

ನಾನು ನೀರು ಹಾಕುತ್ತಿದ್ದೆ. ಬಲಗಡೆ ಮುಗಿಯಿತು. ಎಡಗಡೆಗೆ ಬಂದಾಗ ದುಪ್ಪಟಿಯ ಅಡಿಯಲ್ಲಿ ಚಿಕ್ಕಮ್ಮನ ಕೈ ನಿಂತಿತು. ಹಿಂದಕ್ಕೆ ಬಂತು, ಮತ್ತೆ ಅಲ್ಲಿಗೇ ಹೋಯಿತು. ದುಃಖ ಒತ್ತರಿಸಿ ಬಂದಿರಬೇಕು ಅಂದುಕೊಂಡೆ. 'ನೀರು,' ಎಂದಳು.

ಮಯ್ಯತ್ತು ಎತ್ತುವ ಮೊದಲು ಅಪ್ಪ ಬಾಗಿಲಲ್ಲಿ ನಿಂತು ಕೇಳಿದರು: 'ಇವಳಿಂದ ಯಾರಿಗಾದರೂ ಏನಾದರೂ ತಪ್ಪಾಗಿದ್ದರೆ ಅಲ್ಲಾಹನಿಗೋಸ್ಕರ ಮಾಫ್ ಮಾಡಿಬಿಡಿ.' ಹೊರಗೆ ಗಂಡಸರು, ಒಳಗೆ ಹೆಂಗಸರು, ಎಲ್ಲರೂ 'ಮಾಡಿದ್ದೀವಿ, ಮಾಡಿದ್ದೀವಿ' ಎಂದರು. 'ನಮ್ಮ ಹಜ್ಜಮ್ಮನಿಂದ ತಪ್ಪಾ?' ಎಂದು ಒಬ್ಬಳು ಅತ್ತಳು. ಚಿಕ್ಕಮ್ಮ ಒದ್ದೆ ಬಟ್ಟೆ ಹಿಂಡುತ್ತಾ ಗೋಡೆಗೆ ಆತು ನಿಂತಿದ್ದಳು. ಅವಳ ತುಟಿ ಅಲುಗಲಿಲ್ಲ.

ಅದು ನನ್ನನ್ನು ಬಿಡಲಿಲ್ಲ. ನಮಾಜು ತಪ್ಪಿದ್ದು, ಉಪವಾಸ ಬಿಟ್ಟದ್ದು ದೇವರಿಗೂ ಮನುಷ್ಯನಿಗೂ ನಡುವಿನ ವಿಷಯ. ಅವನು ಕರುಣಾಮಯಿ, ಕ್ಷಮಿಸಿಯಾನು. ಆದರೆ ಒಬ್ಬ ಮನುಷ್ಯನಿಗೆ ಮಾಡಿದ ಅನ್ಯಾಯವನ್ನು ಆ ಮನುಷ್ಯನೇ ಕ್ಷಮಿಸಬೇಕು. ಇಲ್ಲದಿದ್ದರೆ ಅದು ಕಡೆಯ ದಿನದವರೆಗೂ ಹೆಗಲ ಮೇಲೆ ಇರುತ್ತದೆ. ಇದನ್ನು ನನಗೆ ಹೇಳಿಕೊಟ್ಟವಳು ಅಮ್ಮನೇ.

ಬಂದು ಹೋಗುವವರು ಕಡಿಮೆಯಾದ ಮೇಲೆ ಒಂದು ಬೆಳಿಗ್ಗೆ ಎದುರು ಮನೆಗೆ ಹೋದೆ. ಚಿಕ್ಕಮ್ಮ ಮಿಷಿನ್ನಿನಲ್ಲಿ ಯಾರದೋ ಕುಪ್ಪಸದ ತೋಳಿಗೆ ಅಂಚು ಹೊಲಿಯುತ್ತಿದ್ದಳು.

'ಚಿಕ್ಕಮ್ಮ, ಆವತ್ತು ನೀವು ಮಾಫ್ ಅನ್ನಲಿಲ್ಲ.'

'ಓದಿದವಳಲ್ವಾ. ಅಮ್ಮ ಸತ್ತ ದಿನವೂ ಇನ್ನೊಬ್ಬರ ಬಾಯಿ ನೋಡ್ತಾ ಇರ್ತೀಯ.'

'ನಿಮ್ಮಿಬ್ಬರ ನಡುವೆ ಜಗಳ ಏನಾದರೂ ಇತ್ತಾ?'

'ಜಗಳ ಆದರೆ ಏನಂತೆ? ಬೆಳಿಗ್ಗೆ ಆಡಿದರೆ ಸಂಜೆಗೆ ಸಕ್ಕರೆ ಕೇಳೋ ನೆಪದಲ್ಲಿ ಬಂದುಬಿಡ್ತಿದ್ದಳು.' ಮಿಷಿನ್ ನಿಲ್ಲಿಸಿದಳು. 'ನೋಡು, ಇದನ್ನು ನಾನು ಹೇಳಬಾರದು. ಇಷ್ಟು ಮಯ್ಯತ್ತಿಗೆ ನೀರು ಹಾಕಿದ್ದೀನಿ, ಒಬ್ಬರ ಮಾತು ಇನ್ನೊಬ್ಬರ ಹತ್ತಿರ ಆಡಿದವಳಲ್ಲ. ಆದರೆ ಇದು ನನ್ನನ್ನು ಒಳಗೊಳಗೇ ತಿಂತಾ ಇದೆ. ನಿಮ್ಮಮ್ಮನಿಗೆ ಎಡಗಡೆ ಎದೆ ಇರಲಿಲ್ಲ.'

ನನಗೆ ತಕ್ಷಣ ಅರ್ಥವಾಗಲಿಲ್ಲ.

'ಕಣ್ಣಿಂದ ನೋಡಿಲ್ಲಮ್ಮಾ. ಕೈಗೆ ತಿಳೀತು. ಹಳೇ ಹೊಲಿಗೆ, ಕಂಕುಳಿಂದ ಇಲ್ಲಿವರೆಗೆ. ಹೊಲಿಗೆ ನನ್ನ ಕೈಗೆ ತಿಳಿಯಲ್ವಾ? ಅದಕ್ಕೇ ಅಳತೆ ಕೊಡ್ತಿರಲಿಲ್ಲ. ಹಳೇ ಕುಪ್ಪಸ ಕಳಿಸಿ, ಇದರ ಹಾಗೇ ಹೊಲಿ, ಸ್ವಲ್ಪ ಸಡಿಲ ಇರಲಿ ಅನ್ನೋಳು. ಹಜ್ ಮಾಡಿ ಬಂದಿದ್ದಾಳೆ, ಸಂಕೋಚ ಜಾಸ್ತಿಯಾಗಿದೆ ಅಂತ ನಾನು ಪೆದ್ದಿ ಹೆಮ್ಮೆಪಟ್ಟೆ.' ನನ್ನ ಕಡೆ ತಿರುಗಿ ಕೇಳಿದಳು: 'ಅಂಥ ಆಪರೇಷನ್ ಯಾವಾಗ ಆಯ್ತು, ಹೇಳು. ಮದುವೆಯಾಗಿ ಬಂದ ಮೇಲೆ ಅವಳು ಈ ಬೀದಿ ಬಿಟ್ಟು ಹೋಗಿದ್ದು ಒಂದೇ ಸಲ.'

ಅಪ್ಪನ ಜೊತೆ ಹಜ್ ಯಾತ್ರೆಗೆ. ಆಗ ನಾನಿನ್ನೂ ಶಾಲೆಗೆ ಹೋಗುತ್ತಿದ್ದೆ. ಹೊರಡುವ ಮುನ್ನ ಇಡೀ ಬೀದಿ ನಮ್ಮ ಮನೆಯಲ್ಲಿತ್ತು. ಅಮ್ಮ ಒಬ್ಬೊಬ್ಬರನ್ನೂ ಅಪ್ಪಿಕೊಂಡು ತಪ್ಪಿದ್ದರೆ ಕ್ಷಮಿಸಿ ಅಂದಳು. ಒಬ್ಬೊಬ್ಬರೂ ತಮ್ಮ ಪ್ರಾರ್ಥನೆಯನ್ನು ಅವಳ ಕೈಗೆ ಒಪ್ಪಿಸಿದರು. ಮಕ್ಕಳಾಗದ ಚಿಕ್ಕಮ್ಮ, 'ಕಾಬಾ ಕಣ್ಣಿಗೆ ಬಿದ್ದ ತಕ್ಷಣ ಬೇಡಿದ್ದು ಸುಳ್ಳಾಗಲ್ಲವಂತೆ, ಆ ದುಆ ನನ್ನದಾಗಿರಲಿ' ಎಂದು ಅಮ್ಮನ ಕೈ ಬಿಡದೆ ಅತ್ತದ್ದು ನನಗೆ ನೆನಪಿದೆ. ಮುಂದಿನ ವರ್ಷ ಅವಳಿಗೆ ಹೆಣ್ಣುಮಗು ಹುಟ್ಟಿತು. ಅಲ್ಲಿಂದಾಚೆ ಅಮ್ಮನನ್ನು ಯಾರೂ ಹೆಸರು ಹಿಡಿದು ಕರೆಯಲಿಲ್ಲ, ಎಲ್ಲರಿಗೂ ಹಜ್ಜಮ್ಮ.

'ಅವಳು ಎಲ್ಲಿಗೆ ಹೋಗಿದ್ದಳು ಅಂತ ನಿಮ್ಮಪ್ಪನ ಕೇಳ್ಕೊಂಡು ಬಾ,' ಎಂದಳು ಚಿಕ್ಕಮ್ಮ. 'ಆಮೇಲೆ ಮಾಫಿನ ಮಾತು.'

ಅಪ್ಪನದು ಕನ್ನಡಕದ ಅಂಗಡಿ. ಹೋದಾಗ ಗಾಜಿನ ಅಂಚು ಉಜ್ಜುತ್ತಿದ್ದರು. ಕೇಳಿದೆ. ಅವರು ಉಜ್ಜುವುದನ್ನು ನಿಲ್ಲಿಸಲಿಲ್ಲ. ಆ ಗಾಜು ಹಾಳಾಯಿತು.

'ಯಾತ್ರೆಗೆ ಮುಂಚೆ ಡಾಕ್ಟರ್ ತಪಾಸಣೆ ಇರುತ್ತಲ್ಲ,' ಎಂದರು ಕೊನೆಗೆ, 'ಅಲ್ಲಿ ಗಂಟು ಸಿಕ್ಕಿತು. ಆ ಹೊತ್ತಿಗೆ ಬೀದಿಯವರೆಲ್ಲ ಬಂದು ಅತ್ತು ಹೋಗಿದ್ದರು. ನಾಳೆ ಹೇಳ್ತೀನಿ, ನಾಳೆ ಹೇಳ್ತೀನಿ ಅಂದಳು. ಹೊರಡೋ ದಿನ ಬಂತು. ಹೂವಿನ ಹಾರ ಹಾಕಿ ಕಾರು ಹತ್ತಿಸಿದರು. ಆ ಹಾರದಲ್ಲೇ ಆಸ್ಪತ್ರೆಗೆ ಹೋದೆವು.'

'ವಾಪಸು ಬಂದ ಮೇಲಾದರೂ?'

'ಹೇಗಿತ್ತು ಅಂತ ಬೀದಿಯವರು ಕೇಳಿದರು. ನಾನು ಹೇಳಿದೆ. ಹೊರಡೋ ಮುಂಚೆ ಹಜ್ ಪುಸ್ತಕ ಓದಿಕೊಂಡಿದ್ದೆನಲ್ಲ, ಎಲ್ಲಾ ಹೇಳಿದೆ. ಅವಳು ಒಂದು ದಿನವೂ ಹೋಗಿದ್ದೆ ಅನ್ನಲಿಲ್ಲ ಮಗಳೇ. ಸುಮ್ಮನಿದ್ದಳು, ಅಷ್ಟೇ. ಮುಂದಿನ ವರ್ಷ ನಿಜವಾಗಿ ಹೋಗಿಬಿಟ್ಟರೆ ಸರಿಹೋಗುತ್ತೆ ಅಂದುಕೊಂಡಿದ್ದೆವು. ಅವಳ ಮೈ ಬಿಡಲಿಲ್ಲ.'

'ಮಕ್ಕಾದಿಂದ ತಂದದ್ದು ಅಂತ ನನಗೆ ಕೊಟ್ಟ ಜಮ್‌ಜಮ್ ನೀರು? ಪರೀಕ್ಷೆಯ ದಿನ ನಿಂತುಕೊಂಡು, ಕಾಬಾ ಇರೋ ದಿಕ್ಕಿಗೆ, ಕಿಬ್ಲಾದ ಕಡೆ ಮುಖ ಮಾಡಿ ಕುಡೀತಿದ್ದೆನಲ್ಲ?'

'ಅದು ಅಸಲಿ,' ಎಂದರು ಅಪ್ಪ. ಮುಖ ಸ್ವಲ್ಪ ಅರಳಿತು. 'ಆಸ್ಪತ್ರೆಯ ಪಕ್ಕದ ವಾರ್ಡಿನವರ ಸಂಬಂಧಿ ಹಜ್‌ನಿಂದ ತಂದಿದ್ದರು. ಕೇಳಿ ಇಸ್ಕೊಂಡೆ. ನಲ್ಲಿ ನೀರು ತುಂಬಿಸಿ ಕೊಡೋನಲ್ಲ ನಾನು.'

ನನಗೆ ನಗು ಬಂತು, ಅದು ಬಂದದ್ದಕ್ಕೆ ಅವಮಾನವಾಯಿತು. ಸುಳ್ಳು ಹೇಳಿದರೆ ನಾಲಿಗೆ ಕಪ್ಪಾಗುತ್ತದೆ ಎಂದು ಹೆದರಿಸಿ ಬೆಳೆಸಿದ ಮನೆ ನಮ್ಮದು.

'ಇನ್ನೊಂದು ಮಾತು,' ಎಂದರು. 'ಆಸ್ಪತ್ರೆಯಲ್ಲಿ ದಿನಾ ಎಲ್ಲರ ಹೆಸರು ಹೇಳಿ ದುಆ ಮಾಡ್ತಿದ್ದಳು. ಒಬ್ಬರೂ ಬಿಟ್ಟು ಹೋಗಬಾರದು ಅಂತ ನನ್ನನ್ನೂ ಕೇಳೋಳು. ನಿಮ್ಮ ಟೈಲರ್ ಚಿಕ್ಕಮ್ಮನ ಹೆಸರು ಮೊದಲು.'

ಆ ಮಾತನ್ನು ಕೈಯಲ್ಲಿ ದೀಪ ಹಿಡಿದ ಹಾಗೆ ಜೋಪಾನವಾಗಿ ಹಿಡಿದುಕೊಂಡು ಬೀದಿ ದಾಟಿದೆ. ಚಿಕ್ಕಮ್ಮನಿಗೆ ಒಂದನ್ನೂ ಮುಚ್ಚಿಡದೆ ಹೇಳಿದೆ. ಕೊನೆಗೆ ಅದನ್ನೂ ಹೇಳಿದೆ.

ಅವಳು ಬಹಳ ಹೊತ್ತು ಕತ್ತರಿಯನ್ನು ತೆರೆದು ಮುಚ್ಚಿದಳು.

'ಹಾಸಿಗೆ ಮೇಲಿಂದ ಬೇಡೋದಾಗಿದ್ದರೆ ನಾನೇ ಈ ಸ್ಟೂಲಿನ ಮೇಲೆ ಕೂತು ಬೇಡ್ತಿದ್ದೆ. ಬೇಡಿದ್ದೆ ಕೂಡ, ವರ್ಷಗಟ್ಟಲೆ. ನಾನು ಅವಳನ್ನು ಕೇಳಿದ್ದು ಅಲ್ಲಿ ಬೇಡು ಅಂತ.' ಆಮೇಲೆ ಮೆಲ್ಲಗೆ, 'ಅವಳಿಗೆ ಅಷ್ಟು ನೋವಾಗುವಾಗ ನನ್ನನ್ನು ಕರೀಬಾರದಿತ್ತಾ? ನಾನು ಯಾರ ಹತ್ತಿರ ಹೇಳ್ತಿದ್ದೆ? ಹೆಣಗಳ ಗುಟ್ಟು ಕಾಯೋಳು ಗೆಳತಿಯ ಗುಟ್ಟು ಕಾಯ್ತಿರಲಿಲ್ವಾ?'

'ಚಿಕ್ಕಮ್ಮ, ಮಾಫ್ ಮಾಡಿಬಿಡಿ. ಅವಳ ಹೆಗಲಿನಿಂದ ಇಳಿಯಲಿ.'

'ಬಾಯಲ್ಲಿ ಅಂದುಬಿಡಬಹುದು. ಮನಸ್ಸಿನಲ್ಲಿ ಇಲ್ಲದೆ ಅಂದರೆ ಅದೂ ಇನ್ನೊಂದು ಸುಳ್ಳೇ ಅಲ್ವೇನೇ?'

ಅಷ್ಟರಲ್ಲಿ ಬಟ್ಟೆಗಳ ಕೆಳಗೆ ಫೋನು ಅದುರಿತು. ಬೇರೆ ಊರಿನಲ್ಲಿರುವ ಅವಳ ಮಗಳು. ದಿನ ತುಂಬಿದ ಬಸುರಿ. ಚಿಕ್ಕಮ್ಮ ಎಂದಿನ ದನಿಯಲ್ಲೇ ಊಟ, ಕಾಲಿನ ಬಾವು ಎಲ್ಲ ವಿಚಾರಿಸಿದಳು. 'ಹೂಂ, ಇಲ್ಲೇ ಇದ್ದಾಳೆ. ಮಾತಾಡು' ಎಂದು ಫೋನಿನ ಮೇಲೆ ಅಂಗೈ ಮುಚ್ಚಿ ನನ್ನನ್ನು ನೋಡಿದಳು. 'ಅವಳಿಗೆ ಹೆರಿಗೆಯ ಭಯ. ಹೇಳಬೇಡ.'

'ಅಕ್ಕಾ,' ಎಂದಿತು ಆ ಕಡೆಯ ಧ್ವನಿ, 'ಹಜ್ಜಮ್ಮ ಇದ್ದಿದ್ದರೆ ನನಗೆ ಧೈರ್ಯ ಇರ್ತಿತ್ತು. ಅಮ್ಮನಿಗೋಸ್ಕರ ಅಲ್ಲಿ ಏನಂತ ಬೇಡಿದ್ದರು, ನಿಮಗೆ ಹೇಳಿದ್ದರಾ?'

'ಮೊದಲು ನಿಮ್ಮಮ್ಮನ ಹೆಸರೇ ಹೇಳಿದರಂತೆ.'

'ಕಾಬಾ ನೋಡಿದ ತಕ್ಷಣವಾ?'

ಚಿಕ್ಕಮ್ಮ ಮಿಷಿನ್ನಿನ ಚಕ್ರ ಹಿಡಿದು ಕೂತಿದ್ದಳು. ಕಣ್ಣು ನನ್ನ ಬಾಯಿಯ ಮೇಲಿತ್ತು.

'ಹೌದು,' ಎಂದೆ. 'ನೋಡಿದ ತಕ್ಷಣ.'

ಅಮ್ಮ ಒಂದು ದಿನವೂ ಬಾಯಿಬಿಟ್ಟು ಹೇಳದೆ ಹೋದದ್ದನ್ನು ನಾನು ಹೇಳಿದ್ದೆ. ಫೋನು ಇಸ್ಕೊಂಡ ಚಿಕ್ಕಮ್ಮ ನನಗೆ ಬೆನ್ನು ಮಾಡಿ, ಮಗಳಿಗೆ ಎಡಗಡೆಗೆ ತಿರುಗಿ ಮಲಗು ಎಂದು ಹೇಳುತ್ತಿದ್ದಳು. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ. ಅವಳು ಕೂಗಿ ಕರೆಯಬಹುದು ಎಂದು ಅವಳ ಮೆಟ್ಟಿಲಿನ ಮೇಲೆ ಸ್ವಲ್ಪ ಹೊತ್ತು ನಿಂತೆ. ಒಳಗೆ ಮಿಷಿನ್ ಶುರುವಾಯಿತು.