ಅಕ್ಕ ಬಿಟ್ಟ ಸಾಲು

ಹಾಡು ನಿಂತಿತು. ವಾದ್ಯ ನಿಲ್ಲಲಿಲ್ಲ. ಕೀಬೋರ್ಡಿನ ಮುಂದೆ ಕೂತಿದ್ದ ಹಲ್ಲಿನ ಡಾಕ್ಟರು ಅದೇ ನಾಲ್ಕು ಸ್ವರಗಳನ್ನು ಮೂರು ಸುತ್ತು ತಿರುಗಿಸಿ, ಕೊನೆಗೆ ಕತ್ತೆತ್ತಿ ನೋಡಿದರು. ರಂಗದ ನಡುವೆ ಅಕ್ಕ ಬಾಯಿ ಅರ್ಧ ತೆರೆದು ನಿಂತಿದ್ದಳು. ಅವಳ ಹಿಂದೆ ಮೂರು ಗುಂಪಾಗಿ ನಿಂತ ಹದಿನೆಂಟು ಜನ ಹಿಮ್ಮೇಳದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಪಕ್ಕದ ಪರದೆಯ ಮರೆಯಲ್ಲಿ ಪುಸ್ತಕ ಹಿಡಿದಿದ್ದ ತಂಗಿ ಪುಟ್ಟಿ ಸಾಲನ್ನು ಪಿಸುಗುಟ್ಟಿದಳು. ಅಕ್ಕನಿಗೆ ಕೇಳಲಿಲ್ಲವೋ ಏನೋ. ಇನ್ನೊಮ್ಮೆ ಹೇಳಿದಳು. ಆಮೇಲೆ, ತಾನೇನು ಮಾಡುತ್ತಿದ್ದೇನೆ ಎಂದು ಹೊಳೆಯುವ ಮೊದಲೇ, ಹಾಡಿಬಿಟ್ಟಳು.

"ಬಂದರೆ ಬಾಗಿಲು, ಬಾರದಿದ್ದರೆ ಕಿಟಕಿ, ತೆರೆದೇ ಇದೆ ಮಗನೇ..."

ತಾಳ ಏಳು ಎಣಿಕೆಯಿಂದ ಐದಕ್ಕೆ ಹಾರುವ ಜಾಗ ಬಂತು. ಎರಡು ತಿಂಗಳ ತಾಲೀಮಿನಲ್ಲಿ ಎಲ್ಲರೂ ಮುಗ್ಗರಿಸುತ್ತಿದ್ದ ಜಾಗ. ಪುಟ್ಟಿ ಚರಂಡಿ ದಾಟಿದ ಹಾಗೆ ದಾಟಿ ಆಚೆ ನಿಂತಳು. ಹಿಮ್ಮೇಳದವರೂ ಅವಳ ಹಿಂದೆ ದಾಟಿದರು. ಹಾಡು ಮುಗಿದಾಗ ನಿರ್ದೇಶಕ ಲೆಕ್ಕದ ಮೇಷ್ಟ್ರು ಕೈಯಲ್ಲಿದ್ದ ಸೀಸದಕಡ್ಡಿ ಕೆಳಗೆ ಬಿದ್ದದ್ದನ್ನೂ ಗಮನಿಸಲಿಲ್ಲ.

ಪುಟ್ಟಿಗೆ ನಲವತ್ತಮೂರು ವರ್ಷ. ಹೆಸರು ಹಿಡಿದು ಕರೆಯುವವರು ಅವಳು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ಮಾತ್ರ. ತಂಡದಲ್ಲಿ ಅಕ್ಕ ಕರೆದ ಹಾಗೇ ಎಲ್ಲರಿಗೂ ಪುಟ್ಟಿ. ಅಕ್ಕ ಅವಳಿಗಿಂತ ಎಂಟು ವರ್ಷ ದೊಡ್ಡವಳು, ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿಗಳ ಹೊತ್ತು ಕೂಗಿ ಹೇಳುವವಳು. ಊರಿಗೆಲ್ಲ ಪರಿಚಯದ ದನಿ. ಇಪ್ಪತ್ತೆರಡು ವರ್ಷಗಳಿಂದ ಈ ಹವ್ಯಾಸಿ ತಂಡ ಯಾವ ನಾಟಕ ಆಡಿದರೂ ಮುಖ್ಯ ಪಾತ್ರ ಅಕ್ಕನದು, ಪುಸ್ತಕ ಹಿಡಿದು ಮರೆತವರಿಗೆ ಮಾತು ಎತ್ತಿಕೊಡುವುದು ಪುಟ್ಟಿಯದು. ಈ ಸಲ ಮೇಷ್ಟ್ರು ಹಟ ಹಿಡಿದು ಆರಿಸಿದ್ದು, ಒಂದೇ ಒಂದು ಮಾತಿಲ್ಲದ, ಇಪ್ಪತ್ತೇಳು ಹಾಡುಗಳ ಸಂಗೀತ ನಾಟಕ. ಕಡಲಿಗೆ ಹೋದ ಮಗನಿಗಾಗಿ ಕಾಯುವ ತಾಯಿಯ ಕಥೆ. "ಹವ್ಯಾಸಿಗಳು ಅಂದ್ರೆ ಹೆಂಗೋ ಒಂದು ಮಾಡಿ ಮುಗಿಸೋರಲ್ಲ ಅಂತ ತೋರಿಸ್ಬೇಕು," ಎಂದಿದ್ದರು. ಪ್ರದರ್ಶನಕ್ಕೆ ಒಂಬತ್ತು ದಿನ ಉಳಿದಿತ್ತು.

ಚಹಾದ ಹೊತ್ತಿಗೆ ಅಕ್ಕ ಲೋಟ ಕೆಳಗಿಟ್ಟು ಹೇಳಿದಳು: "ಮೇಷ್ಟ್ರೇ, ತಾಯಿ ಪಾತ್ರ ಇವಳೇ ಮಾಡ್ಲಿ. ಪುಸ್ತಕ ನಾನು ಹಿಡೀತೀನಿ."

ಯಾರೂ ಬೇಡ ಅನ್ನಲಿಲ್ಲ. ಅದೇ ಪುಟ್ಟಿಗೆ ಚುಚ್ಚಿತು. ಮೆಟ್ಟಿಲಿಳಿಯುವಾಗ ಅಕ್ಕನ ಕೈ ಹಿಡಿದು ನಿಲ್ಲಿಸಿದಳು.

"ಅಕ್ಕ, ನಿಜ ಹೇಳು. ಮರ್ತೋಯ್ತಾ?"

"ಮರೆಯೋದಾ? ನಾನಾ?" ಅಕ್ಕ ನಕ್ಕಳು. "ಬೇಕಂತ್ಲೇ ಬಿಟ್ಟೆ ಕಣೇ. ಎಷ್ಟು ವರ್ಷ ಅಂತ ಪರದೆ ಹಿಂದೆ ನಿಂತಿರ್ತೀಯ?"

"ನಾನು ಕೇಳಿದ್ನಾ?"

"ಬಾಯ್ಬಿಟ್ಟು ಕೇಳೋಳಾ ನೀನು! ಅದಕ್ಕೇ ಬಿಟ್ಟೆ."

ಪುಟ್ಟಿ ನಂಬಿದಳು. ಬೀದಿಯ ತಿರುವಿನವರೆಗೂ ನಂಬಿದಳು. ಅಲ್ಲಿಂದಾಚೆ ಒಂದೊಂದೇ ನೆನಪಾಗತೊಡಗಿತು. ಹೋದ ತಿಂಗಳು ಅಕ್ಕ ಒಂದೇ ಸುದ್ದಿ ಹೇಳಲು ಎರಡು ಸಲ ಫೋನ್ ಮಾಡಿದ್ದಳು. ಡಾಕ್ಟರನ್ನು ಒಮ್ಮೆ ಭಾವನ ಹೆಸರಿನಿಂದ ಕರೆದಿದ್ದಳು. ಆದರೆ ಭಾವನನ್ನು ಕೇಳಿದರೆ, "ನಿಮ್ಮಕ್ಕ ಮದುವೆ ಆದ ದಿನದಿಂದ ಕನ್ನಡಕ ತಲೆ ಮೇಲಿಟ್ಕೊಂಡು ಮನೆಯೆಲ್ಲಾ ಹುಡುಕ್ತಾಳಮ್ಮ, ಇದೇನು ಹೊಸದಾ?" ಎಂದು ಪೇಪರ್ ಮಡಿಸಿಟ್ಟರು. ಮತ್ತೆ ಅದೇ ಪೇಪರನ್ನು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದರು.

ಅಂಗಡಿಯಲ್ಲಿ ಗಾಜು ಬದಲಿಸಿ ಬದಲಿಸಿ ಹಾಕುತ್ತಾ, "ಇದ್ರಲ್ಲಿ ಚೆನ್ನಾಗಿ ಕಾಣುತ್ತಾ, ಅದ್ರಲ್ಲಾ?" ಎಂದು ಒಬ್ಬ ಅಜ್ಜನನ್ನು ಕೇಳಿದಳು. "ಎರಡೂ ಒಂದೇ ಥರ ಕಾಣ್ತದಮ್ಮ," ಎಂದರು ಅವರು. ಪುಟ್ಟಿಗೆ ರೇಗಿತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಶುಕ್ರವಾರ ಊಟದ ಬಿಡುವಿನಲ್ಲಿ ಸ್ಟೇಷನ್ನಿಗೆ ಹೋಗಿ ಬೆಂಚಿನ ಮೇಲೆ ಒಂದು ಗಂಟೆ ಕೂತು ಅಕ್ಕನ ಪ್ರಕಟಣೆಗಳನ್ನು ಕೇಳಿದಳು. ಹನ್ನೊಂದು ಗಾಡಿ. ಒಂದೂ ತಪ್ಪಿಲ್ಲ. ಹೊರಡುವಾಗ ಟಿಕೆಟ್ ಕಿಟಕಿಯವಳು ಗುರುತು ಹಿಡಿದು ಮಾತಾಡಿಸಿದಳು. "ಹೋದ ವಾರ ಒಂದ್ಸಲ ಎರಡನೇ ಪ್ಲಾಟ್‌ಫಾರ್ಮ್ ಅನ್ನೋ ಕಡೆ ಮೂರು ಅಂದ್ಬಿಟ್ರು. ಪಾಪ, ನಾಟಕದ ಗುಂಗು ಅಲ್ವಾ?"

ಬೇಕೆಂದೇ ಬಿಟ್ಟಿದ್ದರೆ ಅದು ಕರುಣೆಯಿಂದ ಕೊಟ್ಟ ಪಾತ್ರ. ಮರೆತಿದ್ದರೆ, ಅಕ್ಕನಿಂದ ಜಾರಿದ್ದನ್ನು ಎತ್ತಿಕೊಂಡ ಹಾಗೆ. ಯಾವ ಕಡೆ ತಿರುಗಿಸಿದರೂ ಖುಷಿಪಡುವಂಥದ್ದಲ್ಲ. ಆದರೂ ಬೆಳಿಗ್ಗೆ ಬಚ್ಚಲಲ್ಲಿ ನೀರು ಸುರಿದುಕೊಳ್ಳುತ್ತಾ ಗಂಟಲು ಬಿಚ್ಚಿ ಹಾಡುತ್ತಿದ್ದಳು, ಖುಷಿಯಿಂದಲೇ. ಅವಳಿಗೆ ಎಲ್ಲಕ್ಕಿಂತ ಅರ್ಥವಾಗದೆ ಹೋದದ್ದು ಅದು.

ಭಾನುವಾರ ಮಧ್ಯಾಹ್ನ ಮೂರಕ್ಕೆ ಪರದೆ ಎದ್ದಿತು. ಸಭಾಂಗಣ ತುಂಬಿತ್ತು. ಮೊದಲರ್ಧ ಹೇಗೆ ಕಳೆಯಿತೋ ಪುಟ್ಟಿಗೆ ತಿಳಿಯಲಿಲ್ಲ. ಎರಡನೆಯ ಅರ್ಧದಲ್ಲಿ, ಕೊನೆಗೆ ಎರಡೇ ಹಾಡು ಉಳಿದಿದ್ದಾಗ, ಹಿಮ್ಮೇಳದ ಒಂದು ಗುಂಪು ಒಂದು ಎಣಿಕೆ ಮುಂದೆ ಓಡಿತು. ಪುಟ್ಟಿಯ ತಲೆಯಲ್ಲಿ ಮುಂದಿನ ಸಾಲು ಇದ್ದ ಜಾಗ ಗುಡಿಸಿಟ್ಟ ಹಾಗೆ ಖಾಲಿ. ಅವಳು ಪರದೆಯತ್ತ ನೋಡಿದಳು.

ಅಕ್ಕ ಅವಳನ್ನೇ ನೋಡುತ್ತಿದ್ದಳು. ಪುಸ್ತಕದ ಕಡೆ ಕಣ್ಣು ಹಾಯಿಸದೆ, ಇಡೀ ಸಾಲನ್ನು ಮೆಲ್ಲಗೆ, ಅಕ್ಷರ ಅಕ್ಷರ ಬಿಡಿಸಿ ಹೇಳಿದಳು. ಹೇಳುವಾಗ ಬೆರಳಲ್ಲಿ ಐದು ಎಣಿಸಿದಳು. ಪುಟ್ಟಿ ಅದನ್ನು ಹಿಡಿದು ಹಾಡಿದಳು. ಹಾಡು ಅವಳನ್ನು ಎಳೆದುಕೊಂಡು ಹೋಯಿತು.

ಹಾಡು ಮುಗಿಸಿ ಪರದೆಯ ಮರೆಗೆ ಬಂದಾಗ ಪುಟ್ಟಿಯ ಕಣ್ಣು ಅಕ್ಕನ ಕೈಗೆ ಬಿತ್ತು. ಪುಸ್ತಕ ನಾಲ್ಕನೇ ಹಾಡಿನ ಪುಟದಲ್ಲಿ ತೆರೆದಿತ್ತು. ಅದು ಮುಗಿದು ಒಂದೂವರೆ ಗಂಟೆಯಾಗಿತ್ತು.

"ಅಕ್ಕ, ಪುಟ..."

"ಶ್! ಹೋಗು, ಜನ ಕಾಯ್ತಿದ್ದಾರೆ."

ಚಪ್ಪಾಳೆ ಮುಗಿಯಲು ಬಹಳ ಹೊತ್ತು ಹಿಡಿಯಿತು. ಮೇಷ್ಟ್ರು ಅತ್ತರು, ಡಾಕ್ಟರು ಎಲ್ಲರ ಬೆನ್ನು ತಟ್ಟಿದರು. ಆಮೇಲೆ ಬಣ್ಣದ ಕೋಣೆಯಲ್ಲಿ ಅಕ್ಕ ತಂಗಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಹತ್ತಿಗೆ ಎಣ್ಣೆ ಹಚ್ಚಿ ಮುಖ ಒರೆಸತೊಡಗಿದಳು. ಹಣೆ, ಕೆನ್ನೆ, ಗಲ್ಲ, ಎಡಹುಬ್ಬು.

"ಆಯ್ತು," ಎಂದು ಅಕ್ಕ ಹತ್ತಿಯನ್ನು ಬುಟ್ಟಿಗೆ ಹಾಕಿದಳು.

ಪುಟ್ಟಿ ಕನ್ನಡಿಯಲ್ಲಿ ನೋಡಿದಳು. ಬಲಹುಬ್ಬು ಇನ್ನೂ ಹಾಗೇ ಇತ್ತು, ಕಾಡಿಗೆ ಬಳಿದದ್ದು, ಹೆಬ್ಬೆರಳಿನಷ್ಟು ದಪ್ಪ. ಅಕ್ಕ ಆಗಲೇ ಇಬ್ಬರ ಚೀಲಗಳನ್ನೂ ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಹೊರಗೆ ಬಿಸಿಲು ಇನ್ನೂ ಇಳಿದಿರಲಿಲ್ಲ. ಬಸ್ ನಿಲ್ದಾಣದಲ್ಲಿ ಜನ ಒಮ್ಮೆ ನೋಡಿ, ಮತ್ತೆ ತಿರುಗಿ ನೋಡಿದರು. ಪುಟ್ಟಿ ಹುಬ್ಬಿಗೆ ಕೈ ಹಚ್ಚದೆ, ಅಕ್ಕನ ತೋಳಿಗೆ ತೋಳು ಸೇರಿಸಿ, ಬಸ್ಸು ಬರುವ ದಿಕ್ಕಿಗೆ ಮುಖ ಮಾಡಿ ನಿಂತಳು.