ದಿನಕ್ಕೊಂದು ಹಿಡಿ ಸೊಪ್ಪು

ಸೂಜಿಯ ಕಣ್ಣೇ ಕಾಣದಷ್ಟು ದೃಷ್ಟಿ ಮಂಜಾದ ಮೇಲೆ ಟೈಲರಮ್ಮನ ಹೊಲಿಗೆ ನಿಂತಿತು. ಬೀದಿಯವರ ಮೈಯಳತೆಯನ್ನೆಲ್ಲ ಬಾಯಿಪಾಠ ಹೇಳುತ್ತಿದ್ದವಳು ಬಟ್ಟೆ ಮುಚ್ಚಿದ ಮೆಷಿನ್ನಿನ ಎದುರು ಗೋಡೆ ನೋಡುತ್ತ ಕೂತುಬಿಟ್ಟಳು. ಮಗಳು ಫೋನ್ ಮಾಡಿದರೂ ಹೂಂ, ಉಹೂಂ ಅಷ್ಟೆ.

ಅವಳನ್ನು ಎಬ್ಬಿಸಿ ಹಿತ್ತಲಿಗೆ ಕರೆದೊಯ್ದವಳು ನಾದಿನಿ. ಲೆಟಿಸ್ ಸೊಪ್ಪಿನ ಬೀಜದ ಪೊಟ್ಟಣ ತಂದು, "ಒಣ ಮರಳಲ್ಲಿ ಬೆರೆಸಿ ಉಪ್ಪು ಉದುರಿಸೋ ಹಾಗೆ ಉದುರಿಸಿ ಅತ್ತಿಗೆ. ಮೇಲೆ ಮಣ್ಣು ಮುಚ್ಚಬೇಡಿ, ಅದಕ್ಕೆ ಬೆಳಕು ಬೇಕು. ಕಣ್ಣು ಯಾಕೆ, ಬೆರಳು ಸಾಕು" ಎಂದಳು.

ಬೆರಳು ಸಾಕಾಯಿತು. ಮೊಳಕೆ ಅಂಗೈಗೆ ಕಚಗುಳಿ ಇಟ್ಟ ದಿನ ಟೈಲರಮ್ಮ ತಾನೇ ಮಗಳಿಗೆ ಫೋನ್ ಮಾಡಿದಳು. ಆಮೇಲೆ ಪಾಲಕ್, ಸಬ್ಬಸಿಗೆ, ಕೊತ್ತಂಬರಿಯಂಥ ಪಾರ್ಸ್ಲಿ. ಒಡೆದ ಬಕೆಟ್ಟು, ಬಿಸ್ಕತ್ತಿನ ಡಬ್ಬ, ಯಾವುದನ್ನೂ ಬಿಡಲಿಲ್ಲ.

ಅದೇ ಹೊತ್ತಿಗೆ ಗಂಡ ಹೃದಯದ ಕವಾಟ ಬದಲಾಯಿಸಿಕೊಂಡು ಆಸ್ಪತ್ರೆಯಿಂದ ಬಂದ. ಬದುಕೆಲ್ಲ ಬಸ್ಸು ಓಡಿಸಿದವನು. ರಕ್ತ ಹೆಪ್ಪುಗಟ್ಟದಿರಲೆಂದು ದಿನಾ ಮಾತ್ರೆ ನುಂಗಬೇಕು. ಗಂಡನ ಮೈಗೆ ಶಕ್ತಿ ಬರಲೆಂದು ಅವಳು ಎರಡು ಹೊತ್ತೂ ತಟ್ಟೆ ತುಂಬ ಸೊಪ್ಪು ಹಾಕಿದಳು.

"ನಾನೇನು ಮೇಕೆನೇನೇ?"

"ಮೇಕೆಗೆ ಯಾವತ್ತಾದ್ರೂ ಹಾರ್ಟ್ ಪ್ರಾಬ್ಲಮ್ ಬಂದಿದ್ದು ಕೇಳಿದೀರಾ? ಸುಮ್ನೆ ತಿನ್ರಿ."

ಅವನು ತಿಂದ. ಇನ್ನೊಂದಿಷ್ಟು ಹಾಕು ಎಂದೂ ಕೇಳಿದ.

ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದವನ ಕೈಯಿಂದ ಲೋಟ ಜಾರಿತು. ಎತ್ತಿಕೊಳ್ಳಲು ಎಡಗೈ ಬರಲಿಲ್ಲ. ಏನೋ ಹೇಳಹೋದ, ನಾಲಿಗೆ ತೊದಲಿತು. ಟೈಲರಮ್ಮ ಬೀದಿಗೆ ಓಡಿ ಕೂಗಿಕೊಂಡಳು. ಪಕ್ಕದ ಮನೆಯವರ ಕಾರಿನಲ್ಲಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ, ಪುಣ್ಯಕ್ಕೆ, ಮಾತೂ ಬಂತು, ಕೈಯೂ ಬಂತು.

ಡಾಕ್ಟರಮ್ಮ ರಕ್ತದ ರಿಪೋರ್ಟು ನೋಡಿ ಹುಬ್ಬು ಗಂಟಿಕ್ಕಿದಳು. "ಇದು ಲಕ್ವ ಹೊಡೆಯೋದಕ್ಕೆ ಮುನ್ಸೂಚನೆ. ಮಾತ್ರೆ ತಪ್ಪಿಸಿದ್ರಾ?"

"ಒಂದೂ ಇಲ್ಲ. ನಾನೇ ಕೈಯಾರೆ ಕೊಡ್ತೀನಿ" ಎಂದಳು ಟೈಲರಮ್ಮ.

"ಸೊಪ್ಪು ಜಾಸ್ತಿ ತಿಂತಿದಾರಾ?"

"ಎರಡು ಹೊತ್ತೂ, ಡಾಕ್ಟ್ರೇ! ನಾನೇ ಬೆಳೆದಿದ್ದು. ಒಂದು ತೊಟ್ಟು ಔಷಧಿ ಹೊಡೆದಿಲ್ಲ."

ಆ ಜಂಬ ಕಂಡು ಡಾಕ್ಟರಮ್ಮನಿಗೂ ಕನಿಕರ ಬಂದಿರಬೇಕು, ಮೆಲ್ಲಗೆ ಹೇಳಿದಳು. "ಹಸಿರು ಸೊಪ್ಪು ಅತಿಯಾದ್ರೆ ಈ ಮಾತ್ರೆ ಕೆಲಸ ಮಾಡಲ್ಲ ಅಮ್ಮಾ. ಮನೆಗೆ ಕಳಿಸೋವಾಗ್ಲೇ ಯಜಮಾನ್ರಿಗೆ ಹೇಳಿದ್ನಲ್ಲ? ಈಗ ಪೂರ್ತಿ ಬಿಡಿಸ್ಲೂಬೇಡಿ. ದಿನಕ್ಕೆ ಒಂದು ಹಿಡಿ, ದಿನಾ ಅಷ್ಟೇ. ಅದಕ್ಕೆ ತಕ್ಕಂತೆ ಮಾತ್ರೆ ನಾನು ನೋಡ್ಕೋತೀನಿ."

ಟೈಲರಮ್ಮ ಗಂಡನ ಕಡೆ ತಿರುಗಿದಳು. ಮುಖ ಮಂಜಾಗಿ ಕಂಡರೂ ಅದು ತಗ್ಗಿದ್ದು ಗೊತ್ತಾಯಿತು. ಕೆಲವು ಗಂಡಸರಿಗೆ ದೇವರು ನಾಲಿಗೆ ಕೊಟ್ಟಿರುವುದು ಉಣ್ಣುವುದಕ್ಕೆ ಮಾತ್ರ.

ಆಸ್ಪತ್ರೆಯಿಂದ ಬಿಟ್ಟ ದಿನ ಅವಳು ಸೀದಾ ಹಿತ್ತಲಿಗೆ ಹೋಗಿ ಕೈಗೆ ಸಿಕ್ಕಿದ್ದನ್ನೆಲ್ಲ ಬೇರುಸಹಿತ ಕೀಳತೊಡಗಿದಳು. ಅವನು ಬಾಗಿಲು ಹಿಡಿದು ನಿಂತ.

"ಕೀಳಬೇಡ ಕಣೇ."

"ಗೊತ್ತಿದ್ದೂ ತಿಂದ್ರಲ್ರೀ?"

"ಇಷ್ಟಕ್ಕೆಲ್ಲ ಏನಾಗುತ್ತೆ ಅಂದ್ಕೊಂಡೆ. ಹೇಳಿದ್ರೆ ನೀನು ಮತ್ತೆ ಹೋಗಿ ಗೋಡೆ ನೋಡ್ಕೊಂಡು ಕೂರ್ತಿದ್ದೆ."

"ಕೂರ್ತಿದ್ದೆ. ಪಕ್ಕದಲ್ಲಿ ನೀವಿರ್ತಿದ್ರಿ." ಅವಳು ಮಣ್ಣಾದ ಕೈ ಎತ್ತಿ ತೋರಿಸಿದಳು. "ನನ್ನ ಖುಷಿಗೆ ನೀವು ಸಾಯಿರಿ ಅಂತ ನಾನು ಕೇಳಿದ್ನಾ? ನೀವು ಹೋದ್ಮೇಲೆ ಯಾರೋ ಒಬ್ರು ಹೇಳ್ತಿದ್ರು, ಸೊಪ್ಪಿಂದ ಹೀಗಾಯ್ತು ಅಂತ. ಆಗ ಈ ಕೈನ ನಾನು ಎಲ್ಲಿ ಇಟ್ಕೋಬೇಕಿತ್ತು?"

ಅವಳು ಮತ್ತೆ ಬಾಗಿ ಕೀಳತೊಡಗಿದಳು. ಅರ್ಧ ಹಿತ್ತಲು ಬೋಳಾದ ಮೇಲೆ, ದಿನಕ್ಕೊಂದು ಹಿಡಿಯಾದರೂ ಬೇಕಲ್ಲ ಎಂದು ನೆನಪಾಗಿ ಅವಳ ಕೈ ನಿಂತಿತು.

ಸಂಜೆ ಊಟಕ್ಕೆ ಅವಳು ಅವನ ತಟ್ಟೆಯ ಅಂಚಿಗೆ ಒಂದು ಹಿಡಿ ಲೆಟಿಸ್ ಇಟ್ಟಳು. ಹೆಚ್ಚಾಯಿತೆನಿಸಿ ಎರಡು ಎಲೆ ತೆಗೆದಳು, ಕಡಿಮೆಯಾಯಿತೆನಿಸಿ ಒಂದು ಹಾಕಿದಳು.

"ತಿನ್ಲಾ?" ಎಂದ ಅವನು.

ಮದುವೆಯಾದಂದಿನಿಂದ ಅವಳು ಬಡಿಸಿದ್ದನ್ನು ಅವನು ಕೇಳಿ ತಿಂದವನಲ್ಲ. ತಿನ್ನಿ ಎನ್ನಲು ಟೈಲರಮ್ಮನಿಗೆ ಬಾಯಿ ಬರಲಿಲ್ಲ.